ಕೇಸ್ ಶೀಟಿನ ಮೂಲೆಯಲ್ಲಿ ಎರಡು ಸಂಖ್ಯೆ

ಹಾಸನದಲ್ಲಿ ಫಿಸಿಷಿಯನ್ ಆಗಿ ಕೆಲಸ ಶುರು ಮಾಡಿದಾಗ, ಎದೆ ಹಿಡಿದುಕೊಂಡು ಕೂಗುವವರ ಕಡೆಗೇ ನಾನು ಮೊದಲು ಓಡುತ್ತಿದ್ದೆ. ಆ ಅಭ್ಯಾಸ ಬಿಡಿಸಿದ್ದು ಸಕಲೇಶಪುರ ಕಡೆಯ ಒಬ್ಬ ಅಜ್ಜಿ.

ವಯಸ್ಸು 76. ಎದೆನೋವು ಇಲ್ಲವೇ ಇಲ್ಲ. ಆದರೆ ಕೈ ತಣ್ಣಗೆ, ಹಣೆ ತುಂಬ ಬೆವರು. "ಮೂರು ದಿಂಬು ಇಟ್ರೂ ಮಲಗಕ್ಕೆ ಆಗ್ತಿಲ್ಲ ಮಗಾ, ಎದ್ದು ಕೂತ್ರೇನೇ ಉಸಿರು" ಎಂದರು. ಗ್ಯಾಸ್ ಇರಬೇಕು ಅಂತ ಮನೆಯಲ್ಲಿ ಜೀರಿಗೆ ಕಷಾಯ ಕುಡಿಸಿದ್ದರು. ಪಕ್ಕದ ಬೆಡ್ಡಿನಲ್ಲಿ 44 ವರ್ಷದವರೊಬ್ಬರು ನೋವಿಗೆ ಕೂಗುತ್ತಿದ್ದರು. ಇಸಿಜಿ ನೋಡಿದರೆ ಇಬ್ಬರಿಗೂ ಹಾರ್ಟ್ ಅಟ್ಯಾಕ್!

ಅಜ್ಜಿಯ ಬೆನ್ನಿಗೆ ಸ್ಟೆತ್ ಇಟ್ಟೆ. ಕೆಳಗಿನಿಂದ ಅರ್ಧದವರೆಗೂ ಕರಕರ ಸದ್ದು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಪಂಪಿಂಗ್ 30. ಹೃದಯದ ಎಡ ಕೋಣೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡ ಎಷ್ಟು ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ ಇದು. ಪಕ್ಕದವರದ್ದು 55. ಅವರ ಹೆಂಡತಿ "ಅರ್ಧ ಹೋಯ್ತಾ ಡಾಕ್ಟ್ರೇ?" ಎಂದು ಅತ್ತರು. ಇಲ್ಲಮ್ಮ, ಆರೋಗ್ಯವಂತರಿಗೂ 100 ಇರಲ್ಲ, 55 ಅಂದ್ರೆ ಚೆನ್ನಾಗೇ ಇದೆ ಅಂದೆ.

ಅವತ್ತಿನಿಂದ ಕೇಸ್ ಶೀಟಿನ ಮೂಲೆಯಲ್ಲಿ ವಯಸ್ಸು, ಪಂಪಿಂಗ್ ಎರಡನ್ನೂ ಒಟ್ಟಿಗೆ ಬರೆಯುತ್ತೇನೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತೇನೆ. ಅಜ್ಜಿಗೆ 2.5, ಪಕ್ಕದವರಿಗೆ 0.8. ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ 2 ದಾಟಿದ್ದರೆ ಇನ್ನೂ 1 ಸೇರಿಸಬೇಕು. ಇದು ಎಸಿಇಎಫ್ ಸ್ಕೋರ್: ವಯಸ್ಸು (ಏಜ್), ಕ್ರಿಯಾಟಿನಿನ್, ಪಂಪಿಂಗ್ (ಇಜೆಕ್ಷನ್ ಫ್ರಾಕ್ಷನ್). ಹೃದಯದ ಆಪರೇಷನ್‌ಗೆ ಹೋಗುವವರಿಗೆಂದು ಬಂದ ಲೆಕ್ಕ, ಅಟ್ಯಾಕ್ ಆದವರಿಗೂ ಉಪಯೋಗಕ್ಕೆ ಬರುತ್ತೆ. ಸಂಖ್ಯೆ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ನಾಡಿ, ಬಿಪಿ, ಶ್ವಾಸಕೋಶದ ನೀರು ಎಲ್ಲಾ ಸೇರಿಸಿ ಅಟ್ಯಾಕ್ ಆದವರ ಅಪಾಯ ಅಳೆಯುವ ಗ್ರೇಸ್ ಸ್ಕೋರ್ ಇದಕ್ಕಿಂತ ಪೂರ್ತಿಯಾದದ್ದು. ಆದರೆ ಈ ಭಾಗಾಕಾರ ನಡುರಾತ್ರಿಯಲ್ಲೂ ಬಾಯಲ್ಲೇ ಆಗುತ್ತೆ.

ಒಂದು ಮಾತು. ಇಸಿಜಿ 10 ನಿಮಿಷದೊಳಗೆ ಆಗಲೇಬೇಕು, ಎಕೋಗೆ ಕಾಯುತ್ತಾ ಚಿಕಿತ್ಸೆ ತಡ ಮಾಡಬಾರದು. ನಾನಿದ್ದ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಇರಲಿಲ್ಲ, ಮೈಸೂರು ಸುಮಾರು 120 ಕಿಲೋಮೀಟರ್ ದೂರ. ಹಾಗಾಗಿ ಅಜ್ಜಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಕೊಟ್ಟೆ. 75 ದಾಟಿದವರಿಗೆ ಮಿದುಳಲ್ಲಿ ರಕ್ತಸ್ರಾವದ ಭಯ ಇರುತ್ತೆ, ಅದಕ್ಕೇ ಅರ್ಧ ಡೋಸ್. ನೀರು ಇಳಿಸಲು ಲೇಸಿಕ್ಸ್. ಉಸಿರು ಹತೋಟಿಗೆ ಬಂದ ಮೇಲೆ ಆಂಜಿಯೋಗ್ರಾಂಗೆ ಮೈಸೂರಿಗೆ ಕಳಿಸಿದೆ.

ಮೊದಲ ದಿನದ ಪಂಪಿಂಗೇ ಕೊನೆಯದಲ್ಲ. ಪೆಟ್ಟು ತಿಂದ ಹೃದಯದ ಸ್ನಾಯು ಕೆಲವು ವಾರ ಮಂಕಾಗಿದ್ದು, ಆಮೇಲೆ ಚೇತರಿಸಿಕೊಳ್ಳಬಹುದು. ಇದನ್ನು ಮನೆಯವರಿಗೆ ಅವತ್ತೇ ಹೇಳುತ್ತೇನೆ. ಆರು ವಾರದ ಮೇಲೆ ಅಜ್ಜಿಗೆ ಮತ್ತೆ ಎಕೋ ಮಾಡಿದಾಗ 42 ಇತ್ತು. ಈಗ ಒಂದೇ ದಿಂಬಿನಲ್ಲಿ ಮಲಗುತ್ತಾರಂತೆ.