ಲಯನ್ಸ್ ಮೇನೋ, ಅದರ ತಂಗಿಯೋ? ಗುರುತಿಸುವುದು ಹೀಗೆ

ರಾಜಾಜಿನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಲಯನ್ಸ್ ಮೇನ್ ಅಣಬೆ ಬೆಳೆಯುತ್ತೇನೆ. ಅಕ್ಕನ ಮಗಳು ಇರುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಹೋದ ಅಕ್ಟೋಬರ್‌ನಲ್ಲಿ ನ್ಯೂ ಫಾರೆಸ್ಟ್ ಕಾಡಿನಿಂದ ಒಂದು ಫೋಟೋ ಕಳಿಸಿದಳು. "ಚಿಕ್ಕಮ್ಮ, ನೀನು ಬೆಳೆಯೋ ಅಣಬೆ ಇಲ್ಲಿ ಸಿಕ್ತು ನೋಡು!"

ಅದಲ್ಲ, ಅದರ ತಂಗಿ. ಲಯನ್ಸ್ ಮೇನ್ ಅಂದರೆ ಹೆರಿಸಿಯಂ ಎರಿನೇಸಿಯಸ್. ಅವಳಿಗೆ ಸಿಕ್ಕಿದ್ದು ಹೆರಿಸಿಯಂ ಕೊರಲಾಯ್ಡಿಸ್. ಹಳೇ ಮರಗಳು ಕಮ್ಮಿಯಾಗಿ ಯುರೋಪಿನಲ್ಲಿ ಎರಡೂ ಅಪರೂಪ. ಬ್ರಿಟನ್ನಿನಲ್ಲಿ ಲಯನ್ಸ್ ಮೇನ್‌ಗೆ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕಾಡಿನಲ್ಲಿ ಕೀಳುವ ಹಾಗಿಲ್ಲ. ಹಾಗಾಗಿ ಕೈ ಹಚ್ಚದೆ ನೋಡಿಯೇ ಹೇಳಬೇಕು. ಪಕ್ಕದಿಂದ ಒಂದು, ಕೆಳಗಿನಿಂದ ಒಂದು ಫೋಟೋ ತೆಗೆಯಿರಿ, ಜೊತೆಗೆ ಸ್ಕೇಲ್ ಹಿಡಿಯಿರಿ.

ಮೊದಲು ಅಣಬೆಗೆ ಕವಲು ಇದೆಯಾ ನೋಡಿ. ಲಯನ್ಸ್ ಮೇನ್ ಒಂದೇ ಗಟ್ಟಿ ಉಂಡೆ. ಒರಳಿನಿಂದ ಇಳಿಯುವ ಒತ್ತು ಶ್ಯಾವಿಗೆಯ ಹಾಗೆ ಉದ್ದ ಹಲ್ಲುಗಳು ನೇರ ಕೆಳಕ್ಕೆ ಜೋತಿರುತ್ತವೆ, 1ರಿಂದ 5 ಸೆಂಟಿಮೀಟರ್. ತಂಗಿಗೆ ಉಂಡೆಯೇ ಇಲ್ಲ. ಹವಳದ ಹಾಗೆ ಕವಲು ಕವಲು, ಕವಲಿನ ಉದ್ದಕ್ಕೂ ಬಾಚಣಿಗೆಯ ಹಾಗೆ ಗಿಡ್ಡ ಹಲ್ಲಿನ ಸಾಲು. ಬರೀ ಉದ್ದ ಅಳೆದು ತೀರ್ಮಾನ ಮಾಡಬೇಡಿ. ಎಳೆ ಲಯನ್ಸ್ ಮೇನ್‌ಗೂ ಹಲ್ಲು ಗಿಡ್ಡವೇ.

ಮರವೂ ಸುಳಿವು ಕೊಡುತ್ತದೆ. ಲಯನ್ಸ್ ಮೇನ್ ಹೆಚ್ಚಾಗಿ ನಿಂತಿರುವ ಮುದಿ ಬೀಚ್ ಅಥವಾ ಓಕ್ ಮರದ ಗಾಯದಲ್ಲಿ ಬರುತ್ತದೆ, ತಂಗಿ ಜಾಸ್ತಿ ಬಿದ್ದ ಬೀಚ್ ದಿಮ್ಮಿಯ ಮೇಲೆ. ಇದು ಸುಳಿವು ಅಷ್ಟೇ, ಸಾಕ್ಷಿಯಲ್ಲ.

ಇದೆಲ್ಲ ಕಾಡಿನ ಲೆಕ್ಕ. ಕೋಣೆಯಲ್ಲಿ ಬೆಳೆದದ್ದು ಆಟ ಆಡಿಸುತ್ತದೆ. ಒಮ್ಮೆ ಜನವರಿ ಚಳಿಗೆ ಕಿಟಕಿ ಬಿಗಿಯಾಗಿ ಮುಚ್ಚಿದ್ದೆ. ನಾಲ್ಕು ಬ್ಯಾಗಿನಲ್ಲೂ ಹವಳದ ಹಾಗೆ ಕವಲೊಡೆದು ಬಂತು. ಬೇರೆ ಬೀಜ ಕೊಟ್ಟಿದ್ದಾರೆ ಅಂತ ಮಾರಿದವರಿಗೆ ಫೋನ್ ಮಾಡಿ ಕೂಗಾಡಿದೆ. "ಕಿಟಕಿ ತೆಗೀರಿ ಅಮ್ಮ" ಅಂದರು ಅವರು. ತೆಗೆದೆ. ಅದೇ ಬ್ಯಾಗುಗಳ ಎರಡನೇ ಫಸಲು ದುಂಡಗೆ ಬಂತು! ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಲಯನ್ಸ್ ಮೇನ್ ಹೀಗೇ ವೇಷ ಹಾಕುತ್ತದೆ.

ಇನ್ನೂ ಅನುಮಾನವಿದ್ದರೆ ಮೈಕ್ರೋಸ್ಕೋಪ್ ಬೇಕು. ಲಯನ್ಸ್ ಮೇನ್ ಬೀಜಕಣ ಸುಮಾರು 5ರಿಂದ 6.5 ಮೈಕ್ರಾನ್ ಉದ್ದ, ತಂಗಿಯದು 3.5ರಿಂದ 5. ಅಯೋಡಿನ್ ಇರುವ ಮೆಲ್ಜರ್ ದ್ರಾವಣ ಹಾಕಿ ಪ್ರಯೋಜನವಿಲ್ಲ, ಎರಡೂ ನೀಲಿ-ಕಪ್ಪಾಗುತ್ತವೆ. ಅಳತೆಯನ್ನೇ ನಂಬಿ.