ಏರಿಯಾ ಹೆಸರಿಗೆ ಎಷ್ಟು ಬಾಡಿಗೆ ಕೊಡಬೇಕು?

ಶಿವಮೊಗ್ಗದಲ್ಲಿ ಮನೆ ಹುಡುಕಲು ಹೊರಟರೆ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ‘ವಿನೋಬನಗರ, ರವೀಂದ್ರನಗರ ಆದ್ರೆ ಕಣ್ಮುಚ್ಚಿ ತಗೊಳ್ಳಿ.’ ‘ಅಯ್ಯೋ, ಆ ಕಡೆನಾ? ಬೇಡ ಬಿಡಿ.’ ಬಾಡಿಗೆ ನಾಲ್ಕೈದು ಸಾವಿರ ಏರುವುದು, ಇಳಿಯುವುದು ಎಷ್ಟೋ ಸಲ ಇಂಥ ಮಾತಿನ ಮೇಲೆಯೇ. ಮನೆ ಹಿಡಿಯುವ ಮೊದಲು ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪೂರ್ತಿ ಲೆಕ್ಕ ಹಾಕಿ

ಹೆಸರಿರುವ ಬಡಾವಣೆಯಲ್ಲಿ ಬಾಡಿಗೆ 14,000 ಅಂದುಕೊಳ್ಳಿ. ಊರಾಚೆ ಅಂಥದ್ದೇ ಮನೆ 9,000ಕ್ಕೆ ಸಿಗುತ್ತದೆ. ಉಳಿಯುವುದು 5,000 ಅಂತ ಅನಿಸುತ್ತದೆ, ಅಲ್ವಾ? ಆದರೆ ಕೆಲಸಕ್ಕೆ ಹೋಗಲು ಆರು, ಬರಲು ಆರು ಕಿಲೋಮೀಟರ್ ಜಾಸ್ತಿ. ತಿಂಗಳಿಗೆ 26 ದಿನ ಅಂದರೆ 312 ಕಿ.ಮೀ. ಲೀಟರಿಗೆ 45 ಕೊಡುವ ಸ್ಕೂಟರಿಗೆ ಸುಮಾರು ಏಳು ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ 700. ಗಂಡ, ಹೆಂಡತಿ ಇಬ್ಬರೂ ಓಡಾಡಿದರೆ 1,400. ಮಗುವಿನ ಸ್ಕೂಲ್ ವ್ಯಾನಿಗೆ ಇನ್ನೊಂದು 800 ಸೇರಿಸಿ. ಕೈಯಲ್ಲಿ ಉಳಿಯುವುದು 2,800. ಅದೂ ಸಣ್ಣ ಮೊತ್ತವೇನಲ್ಲ. ಆದರೆ ನಿರ್ಧಾರ ಮಾಡಬೇಕಾದ್ದು ಈ 2,800ರ ಮೇಲೆ, 5,000ದ ಮೇಲಲ್ಲ.

ಆಮೇಲೆ ‘ಯಾಕೆ’ ಅಂತ ಕೇಳಿ

ಯಾರಾದರೂ ‘ಆ ಏರಿಯಾ ಬೇಡ’ ಅಂದರೆ ಸುಮ್ನೆ ತಲೆಯಾಡಿಸಬೇಡಿ. ಯಾಕೆ ಅಂತ ಕೇಳಿ. ನೀರು ನಿಲ್ಲುತ್ತೆ, ಬೀದಿ ದೀಪ ಇಲ್ಲ, ಚರಂಡಿ ಕಟ್ಟಿಕೊಳ್ಳುತ್ತೆ ಅಂದರೆ ಬರೆದಿಟ್ಟುಕೊಳ್ಳಿ. ಅದನ್ನು ಹೋಗಿ ನೋಡಬಹುದು. ‘ಅಲ್ಲಿರೋರು ಒಂಥರಾ’ ಅಂದರೆ ಇನ್ನೊಮ್ಮೆ ಕೇಳಿ. ಎಷ್ಟೋ ಸಲ ಕೊನೆಗೆ ಬರುವ ಉತ್ತರ ಇಷ್ಟೇ: ಅಲ್ಲಿ ಕೂಲಿ ಮಾಡುವವರಿದ್ದಾರೆ, ಬೇರೆ ಜಾತಿಯವರೋ ಧರ್ಮದವರೋ ಇದ್ದಾರೆ. ಇದಕ್ಕೂ ಆ ಜಾಗಕ್ಕೂ ಸಂಬಂಧವಿಲ್ಲ. ನನಗೆ ತುಂಬಾ ನೋವು ಕೊಡುವ ಮಾತಿದು. ಇಂಥ ಮಾತು ಕೇಳಿ ಕೇಳಿಯೇ ಅಲ್ಲಿನ ಮಕ್ಕಳು ಕಾಲೇಜಿನಲ್ಲಿ ವಿಳಾಸ ಹೇಳಲು ಹಿಂಜರಿಯುತ್ತಾರೆ. ದಯವಿಟ್ಟು ನಿಮ್ಮ ಪಟ್ಟಿಯಿಂದ ಈ ಕಾರಣವನ್ನು ಹೊಡೆದುಹಾಕಿ.

ಮನೆಯನ್ನು ಮಳೆಯಲ್ಲಿ ನೋಡಿ

ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಮೇಲೆ ಘಟ್ಟದಲ್ಲಿ ಮಳೆ ಹಿಡಿದು ತುಂಗಾ ನದಿಯ ಗಾಜನೂರು ಡ್ಯಾಮಿನಿಂದ ನೀರು ಬಿಟ್ಟರೆ, ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತಾ ಅಂತ ಊರೆಲ್ಲ ವಿಚಾರಿಸುತ್ತದೆ. 2019ರ ಆಗಸ್ಟಿನಲ್ಲಿ ತುಂಗೆ ನದಿಯಂಚಿನ ಬಡಾವಣೆಗಳಿಗೇ ನುಗ್ಗಿದ್ದಳು. ಹೊಳೆಯಿಂದ ದೂರ ಇದ್ದರೂ ಹಳೇ ಕೆರೆಯ ಜಾಗ, ರಾಜಕಾಲುವೆ ಪಕ್ಕ, ಚಾನಲ್ (ನೀರಾವರಿ ನಾಲೆ) ಕೆಳಗಿನ ತಗ್ಗು ಆದರೆ ಹುಷಾರು.

ನಾವು ಒಮ್ಮೆ ಏಪ್ರಿಲ್‌ನಲ್ಲಿ ಒಂದು ಮನೆ ನೋಡಿದೆವು. ಒಳ್ಳೇ ಹೆಸರಿನ ಬಡಾವಣೆ, ಹೊಸ ಸುಣ್ಣಬಣ್ಣ. ಹಾಲ್‌ನ ಗೋಡೆ ಮಾತ್ರ ನೆಲದಿಂದ ಒಂದೂವರೆ ಅಡಿಯವರೆಗೆ ಉಬ್ಬಿತ್ತು. ಉಗುರು ತಾಗಿಸಿದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ತೋರಿಸಲು ಬಂದಿದ್ದ ಬ್ರೋಕರ್ ಏನೂ ಹೇಳಲಿಲ್ಲ. ಎದುರು ಮನೆಯ ಅಜ್ಜಿ ಅಂಗಳಕ್ಕೆ ನೀರು ಹಾಕುತ್ತಿದ್ದರು. ‘ಬೇಸಿಗೇಲಿ ಏನೂ ತೊಂದ್ರೆ ಇಲ್ಲ ಕಣಮ್ಮ. ಮಳೆಗಾಲದಲ್ಲಿ ಮಂಚದ ಮೇಲೇ ಅಡುಗೆ ಮಾಡ್ಬೇಕು’ ಅಂದರು. ನಾವು ಅಲ್ಲಿಂದಲೇ ವಾಪಸ್ ಬಂದೆವು.

ಜುಲೈ ತನಕ ಕಾಯಲು ಆಗದಿದ್ದರೆ ಕಾಂಪೌಂಡ್ ಗೋಡೆ ನೋಡಿ. ಪಾಚಿ ಒಂದೇ ಎತ್ತರಕ್ಕೆ ಗೆರೆ ಎಳೆದಂತೆ ನಿಂತಿದ್ದರೆ ನೀರು ಅಲ್ಲಿಯವರೆಗೆ ಬಂದಿದೆ.

ಮೂರು ಹೊತ್ತು ಹೋಗಿ ಬನ್ನಿ

ಬೆಳಿಗ್ಗೆ ಆರಕ್ಕೆ ಹೋದರೆ ನಲ್ಲಿ ನೀರಿನ ಕಥೆ ಗೊತ್ತಾಗುತ್ತದೆ. ಸಂಜೆ ಆರಕ್ಕೆ ಟ್ರಾಫಿಕ್, ರಾತ್ರಿ ಒಂಬತ್ತಕ್ಕೆ ಬೀದಿ ದೀಪ. ಹಾಲಿನ ಬೂತ್, ಇಸ್ತ್ರಿ ಅಂಗಡಿಯಲ್ಲಿ ಎರಡು ನಿಮಿಷ ನಿಂತು ಮಾತಾಡಿ. ಒಂಬತ್ತು ಗಂಟೆಗೆ ಹೆಣ್ಣುಮಕ್ಕಳು ಒಬ್ಬರೇ ನಡೆದು ಮನೆಗೆ ಬರುತ್ತಿದ್ದರೆ, ಆ ಬೀದಿ ಬಗ್ಗೆ ಯಾರು ಏನೇ ಹೇಳಲಿ, ನಾನು ಅದನ್ನು ಒಳ್ಳೆಯ ಬೀದಿ ಅಂತಲೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಸೈಟ್ ಕೊಳ್ಳುವವರಿಗೆ

ಇಲ್ಲಿ ನಾಳೆಯ ಹೆಸರನ್ನೂ ಮಾರುತ್ತಾರೆ. 2023ರ ಫೆಬ್ರವರಿಯಲ್ಲಿ ಊರ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ‘ಏರ್‌ಪೋರ್ಟ್ ಹತ್ತಿರ’ ಅಂದ ಕೂಡಲೇ ಕರಗಬೇಡಿ, ಕಾಗದ ಕೇಳಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. ಬರೀ 11ಬಿ, ಅಂದರೆ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ ನಮೂನೆ, ಇದ್ದರೆ ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ. ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಗೆ ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ಇಸಿ (ಋಣಭಾರ ಪ್ರಮಾಣಪತ್ರ), ಇವಿಷ್ಟನ್ನೂ ಅಡ್ವಾನ್ಸ್ ಕೊಡುವ ಮೊದಲೇ ನೋಡಿ. ಸೈಟಿಗೆ ಬ್ಯಾಂಕ್ ಸಾಲ ಸಿಗುತ್ತಾ ಅಂತ ಬ್ಯಾಂಕಿನಲ್ಲೇ ವಿಚಾರಿಸಿ, ಮಾರುವವರ ಬಾಯಿಂದ ಕೇಳಿ ಸುಮ್ಮನಾಗಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಎರಡು ಮನೆ ಸಮಸಮ ಅನಿಸಿದರೆ, ಅಗ್ಗದ ಮನೆಯನ್ನು ಹನ್ನೊಂದು ತಿಂಗಳ ಕರಾರಿಗೆ ಹಿಡಿಯಿರಿ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ.