ಆಕಾರವೋ, ರಸಾಯನವೋ? ನ್ಯಾನೋ ಲ್ಯಾಬ್‌ನಲ್ಲಿ ನನ್ನ ಅನುಭವ

ನಾನು ಭೌತಶಾಸ್ತ್ರದ ಪ್ರೊಫೆಸರ್. ಆದರೆ ನನ್ನ ಲ್ಯಾಬ್‌ಗೆ ಬಂದರೆ ಮೊದಲು ಕಾಣುವುದು ಕೀಟಗಳ ರೆಕ್ಕೆ, ಒಣಗಿದ ಎಲೆ, ಅಲ್ಯೂಮಿನಿಯಂ ಹಾಳೆ. ಎಲೆಯ ಮೇಲೆ, ರೆಕ್ಕೆಯ ಮೇಲೆ, ಹಲ್ಲಿಯ ಪಾದದಲ್ಲಿ ನೂರಾರು ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ) ಅಳತೆಯ ರಚನೆಗಳಿವೆ. ಅವು ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿದು, ಅದೇ ಕೆಲಸ ಮಾಡುವ ಮೇಲ್ಮೈಯನ್ನು ನಾವೇ ಮಾಡುವುದು ನಮ್ಮ ಸಂಶೋಧನೆ. ಇದು ಜೀವಶಾಸ್ತ್ರದವರ ಕೆಲಸ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಅಲ್ಲ. ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಭೌತಶಾಸ್ತ್ರದ್ದೇ: ಈ ಗುಣ ಬಂದಿರುವುದು ಆಕಾರದಿಂದಲೋ, ವಸ್ತುವಿನ ರಸಾಯನದಿಂದಲೋ? ನನ್ನ ಇಷ್ಟು ವರ್ಷದ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ.

ಪ್ರಶ್ನೆ ಹೊಸದಲ್ಲ. 1665ರಲ್ಲೇ ರಾಬರ್ಟ್ ಹುಕ್ ನವಿಲುಗರಿಯನ್ನು ನೀರಿನಲ್ಲಿ ನೆನೆಸಿ, ಅದರ ಹೊಳೆಯುವ ಬಣ್ಣ ಮಾಯವಾಗುವುದನ್ನು ಕಂಡಿದ್ದರು. ಬಣ್ಣದ ಪುಡಿಯಿಂದ ಬಂದ ಬಣ್ಣ ನೀರು ಹಾಕಿದರೆ ಹೀಗೆ ಹೋಗುವುದಿಲ್ಲ. ಗಾಳಿ ಇದ್ದ ಸಂದಿಗೆ ನೀರು ಹೋದಾಗ ಬಣ್ಣ ಹೋಗುತ್ತದೆ ಅಂದರೆ ಬಣ್ಣ ಇರುವುದು ರಚನೆಯಲ್ಲಿ. ಮಾರ್ಫೋ ಚಿಟ್ಟೆಯ ನೀಲಿ ರೆಕ್ಕೆಗೆ ಒಂದು ಹನಿ ಆಲ್ಕೋಹಾಲ್ ಹಾಕಿದರೆ ಅದು ಹಸಿರಾಗುತ್ತದೆ, ಆರಿದ ಮೇಲೆ ಮತ್ತೆ ನೀಲಿ. ಎಂಎಸ್ಸಿ ತರಗತಿಯಲ್ಲಿ ವ್ಯತಿಕರಣದ (ಬೆಳಕಿನ ಅಲೆಗಳು ಸೇರಿ ಒಂದನ್ನೊಂದು ಬಲಪಡಿಸುವುದು ಇಲ್ಲ ಅಳಿಸುವುದು) ಪಾಠ ಶುರು ಮಾಡುವ ಮೊದಲು ಇದನ್ನೇ ತೋರಿಸುತ್ತೇನೆ. ಆಮೇಲೆ ಬೋರ್ಡ್ ಮೇಲೆ ಬರೆಯುವ ಸಮೀಕರಣಕ್ಕೆ ಒಂದು ಅರ್ಥ ಬಂದಿರುತ್ತದೆ.

ನನ್ನ ಪಿಎಚ್‌ಡಿ ಲೋಹದ ತೆಳು ಪದರಗಳ ಮೇಲೆ. ನಿರ್ವಾತದಲ್ಲಿ ಪದರ ಕೂರಿಸುವುದು, ಬೆಳಕು ಎಷ್ಟು ಪ್ರತಿಫಲಿಸುತ್ತದೆ ಅಂತ ಅಳೆಯುವುದು, ಲೆಕ್ಕ ಹಾಕುವುದು. ಜೀವಿಗಳಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಪೋಸ್ಟ್‌ಡಾಕ್‌ಗೆ ಹೋಗಿದ್ದು ಪಾಲಿಮರ್‌ಗಳ ಮೇಲೆ ಕೆಲಸ ಮಾಡುವ ಗುಂಪಿಗೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಮೆದು ವಸ್ತುಗಳನ್ನು ಹಾಳು ಮಾಡದೆ ನೋಡುವುದನ್ನು ಅಲ್ಲಿ ಕಲಿತೆ. ಈ ಎರಡು ಕಲಿಕೆ ಸೇರಿದ್ದರಿಂದಲೇ ಮುಂದಿನದು ಸಾಧ್ಯವಾಯಿತು ಅಂತ ಈಗ ಅನಿಸುತ್ತದೆ.

ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದಾಗ ನನಗೆ ಸಿಕ್ಕಿದ್ದು ಒಂದು ಖಾಲಿ ಕೋಣೆ. ದೂಳಿಲ್ಲದ ಕ್ಲೀನ್‌ರೂಮ್ ಇಲ್ಲ, ಎಲೆಕ್ಟ್ರಾನ್ ಕಿರಣದಿಂದ ನ್ಯಾನೋ ಆಕಾರ ಬರೆಯುವ ಎಲೆಕ್ಟ್ರಾನ್ ಬೀಮ್ ಲಿಥೋಗ್ರಫಿ ಇಲ್ಲ. ನ್ಯಾನೋ ರಚನೆ ಮಾಡುವವರಿಗೆ ಇವೆರಡೂ ಇಲ್ಲದಿದ್ದರೆ ಏನು ಮಾಡಬಹುದು ಅಂತ ಕೂತು ಯೋಚಿಸಿದಾಗ ಕಣ್ಣಿಗೆ ಬಿದ್ದಿದ್ದು ಅಲ್ಯೂಮಿನಿಯಂ ಅನೋಡೈಸಿಂಗ್. ಇದಕ್ಕೆ ಬೇಕಾಗಿರುವುದು ಒಂದು ಪವರ್ ಸಪ್ಲೈ, ಒಂದು ಬೀಕರ್, ಆಮ್ಲವನ್ನು ತಣ್ಣಗಿಡುವ ವ್ಯವಸ್ಥೆ, ಮತ್ತೆ ತುಂಬ ಶುದ್ಧವಾದ ಅಲ್ಯೂಮಿನಿಯಂ ಹಾಳೆ. ಅಷ್ಟೇ.

ಇದರ ವಿಚಾರ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಕಡಿಮೆ ಸಲಕರಣೆ ಇರುವ ಯಾವ ಲ್ಯಾಬ್‌ನಲ್ಲಾದರೂ ಇದನ್ನು ಮಾಡಬಹುದು. ಅಲ್ಯೂಮಿನಿಯಂ ಹಾಳೆಯನ್ನು ಆಕ್ಸಾಲಿಕ್ ಆಮ್ಲದಲ್ಲಿ ಮುಳುಗಿಸಿ ಧನ ಧ್ರುವಕ್ಕೆ ಜೋಡಿಸಿದರೆ ಅದರ ಮೇಲೆ ಆಕ್ಸೈಡ್ ಬೆಳೆಯುತ್ತದೆ. ಆ ಆಕ್ಸೈಡ್‌ನಲ್ಲಿ ನೇರವಾಗಿ ಒಳಕ್ಕೆ ಇಳಿಯುವ ರಂಧ್ರಗಳು ತಾವಾಗಿಯೇ ಮೂಡುತ್ತವೆ. 1995ರಲ್ಲಿ ಜಪಾನಿನ ಹಿದೆಕಿ ಮಸೂದಾ ಮತ್ತು ಕೆಂಜಿ ಫುಕುಡಾ ಈ ರಂಧ್ರಗಳು ಅಚ್ಚುಕಟ್ಟಾದ ಷಟ್ಕೋನ ಕ್ರಮದಲ್ಲಿ ನಿಲ್ಲುವಂತೆ ಮಾಡಬಹುದು ಅಂತ ತೋರಿಸಿದರು. ರಂಧ್ರದಿಂದ ರಂಧ್ರಕ್ಕೆ ಇರುವ ದೂರವನ್ನು ತೀರ್ಮಾನ ಮಾಡುವುದು ವೋಲ್ಟೇಜ್: ಪ್ರತಿ ವೋಲ್ಟ್‌ಗೆ ಸುಮಾರು 2.5 ನ್ಯಾನೋಮೀಟರ್. ಆಕ್ಸಾಲಿಕ್ ಆಮ್ಲದಲ್ಲಿ 40 ವೋಲ್ಟ್ ಕೊಟ್ಟರೆ ಸುಮಾರು 100 ನ್ಯಾನೋಮೀಟರ್. ಗಂಧಕಾಮ್ಲದಲ್ಲಿ 25 ವೋಲ್ಟ್ ಕೊಟ್ಟರೆ ಸುಮಾರು 65. ಫಾಸ್ಫಾರಿಕ್ ಆಮ್ಲದಲ್ಲಿ 195 ವೋಲ್ಟ್‌ಗೆ ಹೋದರೆ ಸುಮಾರು 500. ಒಂದು ಗುಂಡಿ ತಿರುಗಿಸಿ ನ್ಯಾನೋ ಅಳತೆಯನ್ನು ಆರಿಸಿಕೊಳ್ಳುವ ಅನುಕೂಲ ಬೇರೆ ವಿಧಾನಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಮೊದಲ ಸಲ ಬೆಳೆದ ಆಕ್ಸೈಡ್‌ನ ಮೇಲ್ಭಾಗದಲ್ಲಿ ರಂಧ್ರಗಳು ಅಡ್ಡಾದಿಡ್ಡಿಯಾಗಿರುತ್ತವೆ. ಕೆಳಕ್ಕೆ ಇಳಿದಂತೆ ಒಂದನ್ನೊಂದು ತಳ್ಳಿಕೊಂಡು ಕ್ರಮಕ್ಕೆ ಬರುತ್ತವೆ. ಹಾಗಾಗಿ ಆ ಪದರವನ್ನು ಪೂರ್ತಿ ಕರಗಿಸಿ, ತಳದಲ್ಲಿ ಉಳಿದ ಗುಳಿಗಳ ಮೇಲೆ ಎರಡನೇ ಸಲ ಬೆಳೆಸಬೇಕು. ಕರಗಿಸುವ ದ್ರಾವಣದಲ್ಲಿ ಕ್ರೋಮಿಕ್ ಆಮ್ಲ ಇರುತ್ತದೆ, ಅದು ತುಂಬ ವಿಷ. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಇಲ್ಲದೆ ಯಾರೂ ಅದನ್ನು ಮುಟ್ಟಬಾರದು ಅನ್ನುವುದು ನಮ್ಮ ಲ್ಯಾಬ್‌ನಲ್ಲಿ ಚರ್ಚೆಗೇ ಇಲ್ಲದ ನಿಯಮ.

ಮೊದಲು ಹಿಡಿದುಕೊಂಡಿದ್ದು ಪತಂಗದ ಕಣ್ಣು. ರಾತ್ರಿ ಹಾರುವ ಪತಂಗದ ಕಣ್ಣಿನ ಮೇಲೆ ಸುಮಾರು 200 ನ್ಯಾನೋಮೀಟರ್ ಅಂತರದಲ್ಲಿ ಸಣ್ಣ ಉಬ್ಬುಗಳಿವೆ ಅಂತ 1960ರ ದಶಕದಲ್ಲೇ ಗೊತ್ತಾಗಿತ್ತು. ಗಾಜಿನ ಒಂದೊಂದು ಮುಖವೂ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತದೆ, ಸಿಲಿಕಾನ್ ಆದರೆ 30ಕ್ಕೂ ಜಾಸ್ತಿ. ಕಾರಣ, ಗಾಳಿಯಿಂದ ಘನಕ್ಕೆ ಹೋಗುವಾಗ ವಕ್ರೀಭವನ ಸೂಚ್ಯಂಕ (ವಸ್ತುವಿನೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಅನ್ನುವ ಅಳತೆ) ಒಮ್ಮೆಗೇ ಜಿಗಿಯುತ್ತದೆ. ಉಬ್ಬುಗಳು ಬೆಳಕಿನ ಅಲೆಯುದ್ದಕ್ಕಿಂತ ಸಣ್ಣದಾಗಿದ್ದರೆ ಬೆಳಕಿಗೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ, ಸರಾಸರಿ ಮಾತ್ರ ಕಾಣುತ್ತದೆ. ತುದಿ ಚೂಪು, ಬುಡ ದಪ್ಪ ಇದ್ದರೆ ಆ ಸರಾಸರಿ ಮೆಲ್ಲಗೆ ಏರುತ್ತದೆ. ಜಿಗಿತ ಇಲ್ಲ, ಪ್ರತಿಫಲನವೂ ಇಲ್ಲದಷ್ಟು ಕಡಿಮೆ. ಇಲ್ಲಿ ನನ್ನ ಪಿಎಚ್‌ಡಿಯ ತೆಳು ಪದರದ ಲೆಕ್ಕ ಹಾಗೆಯೇ ಕೆಲಸಕ್ಕೆ ಬಂತು: ಉಬ್ಬನ್ನು ಅಡ್ಡಡ್ಡವಾಗಿ ತೆಳ್ಳಗೆ ಹೋಳು ಮಾಡಿ, ಪ್ರತಿ ಹೋಳಿಗೂ ಒಂದು ಸೂಚ್ಯಂಕ ಕೊಟ್ಟು ಲೆಕ್ಕ ಹಾಕಿದರೆ ಆಯಿತು.

ರಂಧ್ರಗಳಿರುವ ಆ ಆಕ್ಸೈಡ್ ಹಾಳೆಯೇ ನಮಗೆ ಅಚ್ಚು: ಅದರೊಳಕ್ಕೆ ಪಾಲಿಮರ್ ತುಂಬಿಸಿ ಬಿಡಿಸಿಕೊಂಡರೆ ರಂಧ್ರ ಇದ್ದಲ್ಲಿ ಉಬ್ಬು ಅಥವಾ ಕಂಬ ಮೂಡುತ್ತದೆ. ಚೂಪಾದ ಉಬ್ಬು ಬೇಕಾದರೆ ಅಚ್ಚಿನಲ್ಲಿ ಶಂಕುವಿನಾಕಾರದ ರಂಧ್ರ ಬೇಕು. ಅದಕ್ಕೆ ಸ್ವಲ್ಪ ಹೊತ್ತು ಅನೋಡೈಸ್ ಮಾಡುವುದು, ಸ್ವಲ್ಪ ಹೊತ್ತು ಫಾಸ್ಫಾರಿಕ್ ಆಮ್ಲದಲ್ಲಿ ರಂಧ್ರ ಅಗಲಿಸುವುದು, ಮತ್ತೆ ಅನೋಡೈಸ್, ಮತ್ತೆ ಅಗಲಿಸುವುದು. ಮೇಲಿನ ಭಾಗ ಜಾಸ್ತಿ ಸಲ ಆಮ್ಲ ಕಂಡಿರುವುದರಿಂದ ಅಗಲ, ತಳ ಕಿರಿದು. ಈ ಅಚ್ಚಿನ ಮೇಲೆ ಫ್ಲೋರಿನ್ ಇರುವ ಸೈಲೇನ್‌ನ (ಸಿಲಿಕಾನ್ ಇರುವ ಒಂದು ಬಗೆಯ ಸಂಯುಕ್ತ) ಒಂದು ಪದರ ಕೂರಿಸಿದರೆ ಪಾಲಿಮರ್ ಅಂಟುವುದಿಲ್ಲ, ಎಳೆದರೆ ಬಿಟ್ಟು ಬರುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಅಚ್ಚನ್ನೇ ಕ್ಷಾರದಲ್ಲಿ ಕರಗಿಸಿ ಕಳೆದುಕೊಳ್ಳಬೇಕು.

ಅಚ್ಚಿಗೆ ಏನು ಸುರಿಯುತ್ತೀರಿ ಅನ್ನುವುದೂ ದೊಡ್ಡ ವಿಷಯ. ಎಲ್ಲರೂ ಮೊದಲು ಪಿಡಿಎಂಎಸ್ ಅನ್ನುವ ಸಿಲಿಕೋನ್ ರಬ್ಬರ್ ಬಳಸುತ್ತಾರೆ, ಯಾಕೆಂದರೆ ಅದು ಸುಲಭ. ಆದರೆ ಅದರ ಯಂಗ್ ಗುಣಾಂಕ (ವಸ್ತು ಎಷ್ಟು ಬಿಗಿ ಅನ್ನುವ ಅಳತೆ) ಸುಮಾರು 2 ಮೆಗಾಪ್ಯಾಸ್ಕಲ್ ಮಾತ್ರ. 100 ನ್ಯಾನೋಮೀಟರ್ ಅಗಲದ, ಉದ್ದನೆಯ ಕಂಬಗಳನ್ನು ಅದರಲ್ಲಿ ಮಾಡಿದರೆ ಅವು ಬಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಈ ಅಳತೆಯಲ್ಲಿ ಭಾರಕ್ಕೆ ಬೆಲೆಯೇ ಇಲ್ಲ, ಮೇಲ್ಮೈಗಳ ನಡುವಿನ ಆಕರ್ಷಣೆಯೇ ಎಲ್ಲವನ್ನೂ ನಡೆಸುವುದು. ಪಾಲಿಸ್ಟೈರೀನ್‌ನ ಗುಣಾಂಕ ಇದರ ಸಾವಿರ ಪಟ್ಟು. ಅದನ್ನು 100 ಡಿಗ್ರಿಗಿಂತ ಚೆನ್ನಾಗಿ ಮೇಲಕ್ಕೆ ಕಾಯಿಸಿದರೆ ಕರಗಿ ತಾನಾಗಿಯೇ ರಂಧ್ರದೊಳಕ್ಕೆ ಹರಿಯುತ್ತದೆ. ಆದರೂ ಒದ್ದೆಯಾದ ಸ್ಯಾಂಪಲ್ ಒಣಗುವಾಗ ನೀರಿನ ಮೇಲ್ಮೈ ಎಳೆತ ಕಂಬಗಳನ್ನು ಗುಂಪು ಗುಂಪಾಗಿ ಎಳೆದು ಕೂರಿಸುತ್ತದೆ. ಇದಕ್ಕೆ ಪರಿಹಾರ ಎರಡೇ: ಕಂಬ ಗಿಡ್ಡ ಮಾಡಿ, ಇಲ್ಲ ಇಂಗಾಲದ ಡೈಆಕ್ಸೈಡ್‌ನ ಕ್ರಾಂತಿಕ ಬಿಂದು (ದ್ರವ, ಅನಿಲ ಅನ್ನುವ ವ್ಯತ್ಯಾಸ ಅಳಿಯುವ ತಾಪ ಮತ್ತು ಒತ್ತಡ) ದಾಟಿಸಿ ಒಣಗಿಸಿ, ಆಗ ದ್ರವದ ಮೇಲ್ಮೈಯೇ ಇರುವುದಿಲ್ಲ.

ಪತಂಗದ ಕಣ್ಣಿಗಾಗಿ ಮಾಡಿದ ಮೇಲ್ಮೈ ನೀರನ್ನೂ ದೂರ ತಳ್ಳುತ್ತಿತ್ತು. ಹಾಗಾಗಿ ತಾವರೆ ಎಲೆಯ ಕಡೆಗೆ ನಾವು ಸಹಜವಾಗಿಯೇ ಬಂದೆವು. 1997ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ವಿಲ್ಹೆಲ್ಮ್ ಬಾರ್ಥ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ ಆ ಎಲೆ ಯಾಕೆ ಕೊಳೆಯಾಗುವುದಿಲ್ಲ ಅಂತ ವಿವರಿಸಿದ್ದರು: ಮೈಕ್ರೋಮೀಟರ್ ಅಳತೆಯ ಗುಬುಟುಗಳು, ಅವುಗಳ ಮೇಲೆ ನ್ಯಾನೋ ಅಳತೆಯ ಮೇಣದ ಹರಳುಗಳು. ಇಲ್ಲಿ ಆಕಾರ ಮತ್ತು ರಸಾಯನ ಎರಡೂ ಬೇಕು, ಅದನ್ನು ಲೆಕ್ಕದಲ್ಲೇ ನೋಡಬಹುದು. ನಯವಾದ ಮೇಲ್ಮೈಗೆ ಎಂಥ ಫ್ಲೋರಿನ್ ಲೇಪನ ಹಾಕಿದರೂ ನೀರಿನ ಸಂಪರ್ಕ ಕೋನ (ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ, ಜಾಸ್ತಿಯಾದಷ್ಟೂ ಹನಿ ದುಂಡಗೆ ಕೂರುತ್ತದೆ) 120 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ 110 ಡಿಗ್ರಿ ಇರುವ ವಸ್ತುವಿನ ಮೇಲೆ ಕಂಬಗಳನ್ನು ಮಾಡಿ, ಹನಿಯ ತಳದ 10% ಮಾತ್ರ ಘನವನ್ನು ಮುಟ್ಟಿ ಉಳಿದದ್ದು ಗಾಳಿಯ ಮೇಲೆ ಕೂರುವಂತೆ ಮಾಡಿದರೆ, 1944ರ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಸಮೀಕರಣದ ಪ್ರಕಾರ ಕೋನ ಸುಮಾರು 159 ಡಿಗ್ರಿಗೆ ಏರುತ್ತದೆ.

ವಿದ್ಯಾರ್ಥಿಗಳು ಈ ಒಂದು ಸಂಖ್ಯೆ ಸಿಕ್ಕ ಕೂಡಲೇ ಪೇಪರ್ ಬರೆಯಲು ಓಡುತ್ತಾರೆ. ನಾನು ತಡೆಯುತ್ತೇನೆ. ಗುಲಾಬಿ ಎಸಳಿನ ಮೇಲೂ ಕೋನ 150 ದಾಟುತ್ತದೆ, ಆದರೆ ಎಸಳನ್ನು ತಲೆಕೆಳಗು ಮಾಡಿದರೂ ಹನಿ ಬೀಳುವುದಿಲ್ಲ! ಹನಿ ಮುಂದಕ್ಕೆ ಹೋಗುವಾಗಿನ ಕೋನ, ಹಿಂದಕ್ಕೆ ಸರಿಯುವಾಗಿನ ಕೋನ, ಎರಡರ ವ್ಯತ್ಯಾಸ, ಎಷ್ಟು ವಾಲಿಸಿದರೆ ಹನಿ ಉರುಳುತ್ತದೆ, ಇಷ್ಟನ್ನೂ ಅಳೆಯದೆ ನೀರು ಅಂಟದ ಮೇಲ್ಮೈ ಅಂತ ಕರೆಯುವುದು ಸರಿಯಲ್ಲ. ಈ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು.

ಆಕಾರವನ್ನೂ ರಸಾಯನವನ್ನೂ ಬೇರೆ ಮಾಡುವ ಪ್ರಯೋಗ ಹೇಗಿರಬೇಕು ಅಂತ ನನಗೆ ಕಲಿಸಿದ್ದು ಹಲ್ಲಿಯ ಪಾದದ ಸಂಶೋಧನೆ. ಕೆಲ್ಲರ್ ಆಟಂ ಮತ್ತು ಸಂಗಡಿಗರು 2000ದಲ್ಲಿ ಹಲ್ಲಿಯ ಪಾದದ ಒಂದೇ ಒಂದು ಕೂದಲಿನ ಅಂಟುಬಲ ಅಳೆದರು. 2002ರಲ್ಲಿ ಅವರು ನೀರನ್ನು ಇಷ್ಟಪಡುವ ಮೇಲ್ಮೈ, ನೀರನ್ನು ದೂರ ತಳ್ಳುವ ಮೇಲ್ಮೈ, ಎರಡರ ಮೇಲೂ ಅಂಟಿಸಿ ನೋಡಿದರು. ಎರಡಕ್ಕೂ ಅಂಟಿತು. ನೀರಿನ ತೆಳು ಪದರದಿಂದಲೇ ಅಂಟುತ್ತದೆ ಅನ್ನುವ ವಾದ ಇದರಿಂದ ದುರ್ಬಲವಾಯಿತು, ವಾನ್ ಡರ್ ವಾಲ್ಸ್ ಬಲವೇ (ತೀರ ಹತ್ತಿರ ಬಂದ ಅಣುಗಳ ನಡುವಿನ ಸಣ್ಣ ಆಕರ್ಷಣೆ) ಮುಖ್ಯ ಅನ್ನುವ ವಾದ ಗಟ್ಟಿಯಾಯಿತು. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸುವುದು, ಎಷ್ಟು ಸರಳ ನೋಡಿ.

ನನ್ನ ಈಗಿನ ಕೆಲಸವೂ ಹಾಗೆಯೇ ಶುರುವಾಯಿತು. ಮರದಲ್ಲಿ ಕೂತು ಜೀ ಎಂದು ಕೂಗುವ ಸಿಕಾಡಾ ಕೀಟದ ರೆಕ್ಕೆಯ ಮೇಲೆ ಸುಮಾರು 200 ನ್ಯಾನೋಮೀಟರ್ ಎತ್ತರದ ಕಂಬಗಳಿವೆ. 2012ರಲ್ಲಿ ಎಲೆನಾ ಇವನೋವಾ ಅವರ ಗುಂಪು ಈ ರೆಕ್ಕೆಯ ಮೇಲೆ ಕೂತ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ ಅಂತ ತೋರಿಸಿತು. ರೆಕ್ಕೆಯಲ್ಲಿ ಏನೋ ವಿಷ ಇರಬಹುದು ಅಲ್ವಾ? ಅದಕ್ಕೆ ಅವರು ರೆಕ್ಕೆಗೆ 10 ನ್ಯಾನೋಮೀಟರ್ ಚಿನ್ನ ಲೇಪಿಸಿದರು. ಮೇಲ್ಮೈಯ ರಸಾಯನ ಪೂರ್ತಿ ಬದಲಾಯಿತು, ಬ್ಯಾಕ್ಟೀರಿಯಾ ಆಗಲೂ ಸತ್ತವು. ಆ ಪೇಪರ್ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಅಂಥ ಕಂಬಗಳನ್ನು ವೋಲ್ಟೇಜ್ ಬದಲಿಸಿ ಬೇಕಾದ ಅಂತರದಲ್ಲಿ ಮಾಡುವ ವಿಧಾನ ನಮ್ಮ ಕೈಯಲ್ಲಿ ಆಗಲೇ ಇತ್ತು.

ಬ್ಯಾಕ್ಟೀರಿಯಾ ಯಾಕೆ ಸಾಯುತ್ತದೆ ಅನ್ನುವ ಬಗ್ಗೆ 2013ರಲ್ಲಿ ಬಂದ ಒಂದು ಮಾದರಿ ನನಗೆ ತುಂಬ ಇಷ್ಟ. ಕಂಬ ಚುಚ್ಚಿ ಸಾಯಿಸುವುದಲ್ಲ. ಮೊಳೆಗಳ ಮೇಲೆ ಒದ್ದೆ ಬಟ್ಟೆ ಹಾಸಿದಂತೆ ಪೊರೆ ಕಂಬಗಳಿಗೆ ಅಂಟಿಕೊಳ್ಳುತ್ತದೆ, ನಡುವೆ ಜೋತು ಬಿದ್ದ ಭಾಗ ಹಿಗ್ಗುತ್ತಾ ಹೋಗುತ್ತದೆ. ಕೊಬ್ಬಿನ ಪೊರೆ ಕೆಲವೇ ಶೇಕಡಾ ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ಅಂಟುವುದರಿಂದ ಸಿಗುವ ಶಕ್ತಿ, ಹಿಗ್ಗಿಸಲು ಬೇಕಾದ ಶಕ್ತಿ, ಎರಡನ್ನೂ ತೂಗಿ ನೋಡುವ ಲೆಕ್ಕ ಇದು, ಎಂಎಸ್ಸಿ ವಿದ್ಯಾರ್ಥಿಗೂ ಅರ್ಥವಾಗುತ್ತದೆ. ದಪ್ಪ ಗೋಡೆಯ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ ಸಿಕಾಡಾ ರೆಕ್ಕೆಯ ಮೇಲೆ ಯಾಕೆ ಬದುಕುತ್ತವೆ ಅನ್ನುವುದಕ್ಕೂ ಇದರಿಂದ ಉತ್ತರ ಸಿಗುತ್ತದೆ. ಈ ಮಾದರಿ ಪೂರ್ತಿ ಸರಿಯೇ ಅನ್ನುವ ಬಗ್ಗೆ ಇನ್ನೂ ವಾದ ನಡೆಯುತ್ತಿದೆ, ಅದಕ್ಕೇ ಕೆಲಸ ಬಾಕಿ ಇದೆ.

ಸೂಕ್ಷ್ಮಜೀವಿಗಳ ವಿಭಾಗದವರ ಜೊತೆ ಕೆಲಸ ಮಾಡಲು ಹೊರಟಾಗ ನಾನು ಮೊದಲು ಅವರ ಲ್ಯಾಬ್‌ಗೆ ಹೋಗಿ ಕೂತೆ. ಬ್ಯಾಕ್ಟೀರಿಯಾ ಬೆಳೆಸುವುದು, ಬದುಕಿದ್ದು ಹಸಿರು, ಸತ್ತದ್ದು ಕೆಂಪು ಕಾಣುವಂತೆ ಬಣ್ಣ ಹಾಕುವುದು, ವಸಾಹತು ಎಣಿಸುವುದು ಎಲ್ಲ ಕಲಿತೆ. ಸುಮ್ನೆ ಸ್ಯಾಂಪಲ್ ಕಳಿಸಿ ಫಲಿತಾಂಶಕ್ಕೆ ಕಾಯುವ ಸಹಯೋಗದಲ್ಲಿ ನನಗೆ ನಂಬಿಕೆ ಇಲ್ಲ. ಅವರ ಅನುಮಾನಗಳಿಂದಲೇ ನಮ್ಮ ಪ್ರಯೋಗ ಗಟ್ಟಿಯಾಯಿತು. ಅದೇ ಪಾಲಿಮರ್‌ನ ನಯವಾದ ತುಂಡು ಪಕ್ಕದಲ್ಲಿ ಇಲ್ಲದೆ ಯಾವ ಅಳತೆಯನ್ನೂ ಅವರು ಒಪ್ಪುತ್ತಿರಲಿಲ್ಲ. ಸತ್ತ ಬ್ಯಾಕ್ಟೀರಿಯಾಗಳೇ ಕಂಬಗಳನ್ನು ಮುಚ್ಚಿಬಿಟ್ಟರೆ ಆಮೇಲೆ ಬಂದವು ಅವುಗಳ ಮೇಲೆ ಆರಾಮಾಗಿ ಬದುಕುತ್ತವೆ ಅಂತ ಎಚ್ಚರಿಸಿದ್ದೂ ಅವರೇ. ಈ ಮಿತಿಯ ಬಗ್ಗೆ ಮಾತಾಡದೆ ಆಸ್ಪತ್ರೆಗೆ ಹೊಸ ಮೇಲ್ಮೈ ಬಂತು ಅಂತ ಹೇಳುವುದು ರೋಗಿಗಳಿಗೆ ಮಾಡುವ ಅನ್ಯಾಯ.

ಬಾಳಿಕೆ ಇನ್ನೊಂದು ದೊಡ್ಡ ಚಿಂತೆ. ತಾವರೆ ಎಲೆ ಸವೆದ ಮೇಣವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ, ನಮ್ಮ ಪಾಲಿಮರ್ ಬೆಳೆಸಿಕೊಳ್ಳುವುದಿಲ್ಲ. ಬೆರಳಿನಿಂದ ಉಜ್ಜಿದರೆ ಕಂಬಗಳು ಮುರಿಯುತ್ತವೆ. ಒಂದು ಯೋಜನೆಯ ಅರ್ಜಿಯಲ್ಲಿ ಉಜ್ಜುವ ಪರೀಕ್ಷೆಗೆ ಅಂತಲೇ ಬೇರೆ ಸಮಯ ಮತ್ತು ಹಣ ಕೇಳಿದಾಗ, ಇದು ಎಂಜಿನಿಯರಿಂಗ್, ಭೌತಶಾಸ್ತ್ರ ಅಲ್ಲ ಅಂತ ತಿರಸ್ಕಾರ ಬಂತು. ನನಗೆ ಬೇಸರವಾಯಿತು, ಈಗಲೂ ಒಪ್ಪುವುದಿಲ್ಲ. ಕಂಬ ಎಲ್ಲಿ ಬಾಗುತ್ತದೆ, ಎಷ್ಟು ಬಲಕ್ಕೆ ಮುರಿಯುತ್ತದೆ ಅನ್ನುವುದು ಭೌತಶಾಸ್ತ್ರ ಅಲ್ಲದೆ ಇನ್ನೇನು?

ಹೊಸದಾಗಿ ಸೇರುವ ಪಿಎಚ್‌ಡಿ ವಿದ್ಯಾರ್ಥಿಗೆ ನಾನು ಮೊದಲು ಕೊಡುವುದು ನಿಜವಾದ ರೆಕ್ಕೆ ಅಥವಾ ಎಲೆ. ಅದನ್ನು ಸ್ವತಃ ಅಳೆಯಬೇಕು. ಪೇಪರ್‌ನಲ್ಲಿ ಬಂದ ಸಂಖ್ಯೆ ಸಾಲದು, ಜಾತಿಯಿಂದ ಜಾತಿಗೆ, ಒಂದೇ ರೆಕ್ಕೆಯ ಜಾಗದಿಂದ ಜಾಗಕ್ಕೆ ಅಳತೆ ಬದಲಾಗುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಕಡಿಮೆ ವೋಲ್ಟೇಜ್ ಬಳಸಬೇಕು, ಚಿನ್ನದ ಲೇಪನ ಕೆಲವೇ ನ್ಯಾನೋಮೀಟರ್ ಇರಬೇಕು, ಜಾಸ್ತಿಯಾದರೆ ನೀವು ನೋಡುತ್ತಿರುವುದು ಚಿನ್ನದ ಆಕಾರವೇ ಹೊರತು ರೆಕ್ಕೆಯದ್ದಲ್ಲ. ಎಲೆಯನ್ನು ಸಾವಯವ ದ್ರಾವಕದಲ್ಲಿ ಅದ್ದಿದರೆ ಮೇಣ ಕರಗಿಯೇ ಹೋಗುತ್ತದೆ. ಇಂಥ ಎಚ್ಚರಗಳನ್ನು ಯಂತ್ರದ ಮುಂದೆ ಪಕ್ಕದಲ್ಲಿ ಕೂತೇ ಹೇಳಿಕೊಡಬೇಕು. ಪ್ರೊಫೆಸರ್ ಆದ ಮೇಲೆ ಸಮಿತಿ, ಪರೀಕ್ಷೆ, ವರದಿಗಳಲ್ಲಿ ಸಮಯ ಹೋಗುತ್ತದೆ ನಿಜ, ಆದರೆ ಈ ಗಂಟೆಗಳನ್ನು ನಾನು ಬಿಟ್ಟುಕೊಟ್ಟಿಲ್ಲ.

ಸದ್ಯ ನಮ್ಮನ್ನು ಹಿಡಿದಿಟ್ಟಿರುವುದು ಏರೋಪ್ಲೇನ್ ಚಿಟ್ಟೆ (ಡ್ರಾಗನ್‌ಫ್ಲೈ). ಅದರ ರೆಕ್ಕೆಯ ಕಂಬಗಳು ಸಿಕಾಡಾದಷ್ಟು ಅಚ್ಚುಕಟ್ಟಾಗಿಲ್ಲ: ಒಂದು ಎತ್ತರ, ಒಂದು ಗಿಡ್ಡ, ಅಂತರವೂ ಒಂದೇ ಸಮ ಇಲ್ಲ. ಆದರೆ ಅದು ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಂದರೆ ಈ ಅವ್ಯವಸ್ಥೆಯೇ ಕೆಲಸ ಮಾಡುತ್ತಿದೆಯೋ, ಬರೀ ಎತ್ತರವೋ, ತುದಿಯ ಚೂಪೋ? ನಮ್ಮ ಅಲ್ಯೂಮಿನಿಯಂ ಅಚ್ಚು ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದೇ ಸಲ ಅನೋಡೈಸ್ ಮಾಡಿದರೆ ಅಡ್ಡಾದಿಡ್ಡಿ ರಂಧ್ರ, ಎರಡು ಸಲ ಮಾಡಿದರೆ ಸಾಲಾದ ರಂಧ್ರ. ಸರಾಸರಿ ಅಂತರ, ಎತ್ತರ, ಪಾಲಿಮರ್ ಎಲ್ಲ ಒಂದೇ. ಕ್ರಮ ಮಾತ್ರ ಬೇರೆ. ಎರಡೂ ಬಗೆಯ ತುಂಡುಗಳು ಈಗ ಸಿದ್ಧವಾಗಿವೆ, ಒಂದೇ ಬ್ಯಾಕ್ಟೀರಿಯಾ ದ್ರಾವಣದಲ್ಲಿ ಪಕ್ಕಪಕ್ಕ ಇಟ್ಟು ಎಣಿಸುವ ಕೆಲಸ ನಡೆಯುತ್ತಿದೆ.